ಮುಟ್ಟು ನಿಲ್ಲುವ ವರ್ಷಗಳು: ಮೊದಲು ಕ್ಯಾಲೆಂಡರ್, ಆಮೇಲೆ ಡಾಕ್ಟರ್

ನಲವತ್ತು ದಾಟಿದ ಮೇಲೆ ಮುಟ್ಟು ತಾಳ ತಪ್ಪುತ್ತದೆ. ಒಂದು ಸಲ ಇಪ್ಪತ್ತು ದಿನಕ್ಕೇ ಬಂದುಬಿಡುತ್ತದೆ. ಇನ್ನೊಂದು ಸಲ ಎರಡು ತಿಂಗಳು ಪತ್ತೆಯೇ ಇಲ್ಲ. ಬಂದರೆ ನಲ್ಲಿ ಬಿಟ್ಟ ಹಾಗೆ. ಆಗ ನಮ್ಮಲ್ಲಿ ಎಷ್ಟೋ ಜನ "ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ" ಎಂದು ಹಲ್ಲು ಕಚ್ಚಿ ಕೂರುತ್ತೇವೆ. ಇನ್ನು ಕೆಲವರು ಸಾಕಾಗಿ ಒಂದು ದಿನ ಡಾಕ್ಟರ ಮುಂದೆ ಕೂತು "ಜಾಸ್ತಿ ಹೋಗ್ತಾ ಇದೆ" ಎಂದಷ್ಟೇ ಹೇಳಿ, ಗರ್ಭಕೋಶ ತೆಗೆಸುವ ದಿನಾಂಕ ಬರೆಸಿಕೊಂಡು ಹೊರಗೆ ಬರುತ್ತಾರೆ.

ಎರಡೂ ಕಡೆ ಎಡವುವುದು ಒಂದೇ ಕಲ್ಲಿಗೆ. ಕೈಯಲ್ಲಿ ಲೆಕ್ಕ ಇರುವುದಿಲ್ಲ. ಎಷ್ಟು ದಿನ, ಎಷ್ಟು ಪ್ಯಾಡ್, ಮೈಯಲ್ಲಿ ರಕ್ತ ಎಷ್ಟಿದೆ ಎಂಬುದು ಗೊತ್ತಿಲ್ಲದೆ ಚಿಕಿತ್ಸೆಗೆ ಕೈ ಹಾಕಿದರೆ ಅದು ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಹಾಗಾಗಿ ಇಲ್ಲಿರುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಶುರು ಮಾಡುವ ಮೊದಲು ಇಷ್ಟು ತಿಳಿದಿದ್ದರೆ ಸಾಕು. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ಮುಟ್ಟು ನಿಂತಿತು ಎಂದರ್ಥ. ನಮ್ಮ ದೇಶದಲ್ಲಿ ಅದು ಸರಾಸರಿ 46–47ನೇ ವಯಸ್ಸಿಗೆ ಆಗುತ್ತದೆ. ಅದಕ್ಕೆ ಮುಂಚಿನ ಏರುಪೇರಿನ ಕಾಲ ಸಾಮಾನ್ಯವಾಗಿ ನಾಲ್ಕು ವರ್ಷ. ಕೆಲವರಿಗೆ ಎಂಟು-ಹತ್ತು ವರ್ಷವೂ ಎಳೆಯುತ್ತದೆ. 40ಕ್ಕೆ ಮೊದಲೇ ಮುಟ್ಟು ತಪ್ಪಲು ಶುರುವಾದರೆ ಈ ಬರಹ ಓದುತ್ತ ಕೂರಬೇಡಿ. ಅದು ಬೇರೆ ಸಮಸ್ಯೆ, ನೇರ ಡಾಕ್ಟರ ಹತ್ತಿರ ಹೋಗಿ.

ಬೇಕಾದ ಸಾಮಾನು

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್ ಇದೆಯಲ್ಲ, ಅದೇ ಸಾಕು. ಜೊತೆಗೊಂದು ಕೆಂಪು ಪೆನ್ನು. ಮನೆಯವರ ಕಣ್ಣಿಗೆ ಬೀಳುವುದು ಬೇಡ ಎನಿಸಿದರೆ ಮೊಬೈಲಿನಲ್ಲಿ ಬರೆದುಕೊಳ್ಳಿ. ಬಾಣಂತಿಯರು ಹಾಕುವ ಉದ್ದನೆಯ ಪ್ಯಾಡಿನ ಒಂದು ಪೊಟ್ಟಣ, ಮಗುವಿಗೆ ಹಾಸುವ ರಬ್ಬರ್ ಶೀಟ್, ಮೆಡಿಕಲ್ ಅಂಗಡಿಯ ಗರ್ಭ ಪರೀಕ್ಷೆಯ ಕಿಟ್ ಇವೂ ಇರಲಿ. ಕಿಟ್ ಯಾಕೆ ಎಂದು ನಗಬೇಡಿ, ಮುಂದೆ ಹೇಳುತ್ತೇನೆ.

ಹಂತ 1: ಮೂರು ತಿಂಗಳು ಬರೆಯಿರಿ

ಮುಟ್ಟಾದ ಮೊದಲ ದಿನಕ್ಕೆ ಕೆಂಪು ಸುತ್ತು ಹಾಕಿ. ನಿಂತ ದಿನಕ್ಕೆ ಅಡ್ಡಗೆರೆ ಎಳೆಯಿರಿ. ನಡುವೆ ಬರೀ ಕಲೆ ಕಂಡ ದಿನಕ್ಕೆ ಚುಕ್ಕಿ ಇಡಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ ಎಷ್ಟು ದಿನ ಎಂದು ಎಣಿಸಿ. ಮುಗಿದ ದಿನದಿಂದ ಎಣಿಸುವವರೇ ಜಾಸ್ತಿ, ಅದು ತಪ್ಪು. ಈ ಅಂತರ ಒಂದು ಸಲಕ್ಕೂ ಮುಂದಿನ ಸಲಕ್ಕೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸವಾಗುತ್ತ ಹೋದರೆ ಬದಲಾವಣೆ ಶುರುವಾಗಿದೆ. 60 ದಿನ ಅಥವಾ ಅದಕ್ಕೂ ಹೆಚ್ಚು ಬಿಡುವು ಬಿಡಲು ಶುರುವಾದರೆ ಕೊನೆಯ ಹಂತಕ್ಕೆ ಬಂದಿದ್ದೀರಿ.

ಇನ್ನು ಪ್ರಮಾಣ. ಇದಕ್ಕೆ ಡಾಕ್ಟರುಗಳೇ ಬಳಸುವ ಸುಲಭದ ಅಂಕದ ಪಟ್ಟಿ ಇದೆ. ಪ್ಯಾಡಿಗೆ ಸ್ವಲ್ಪ ಕಲೆ ಆಗಿದ್ದರೆ 1 ಅಂಕ. ಸುಮಾರಾಗಿ ನೆನೆದಿದ್ದರೆ 5. ಪೂರ್ತಿ ತೊಯ್ದಿದ್ದರೆ 20. ಹೆಪ್ಪುಗಟ್ಟಿದ ರಕ್ತದ ಸಣ್ಣ ಗಡ್ಡೆಗೆ 1, ದೊಡ್ಡದಕ್ಕೆ 5. ಒಂದು ಮುಟ್ಟಿನ ಒಟ್ಟು ಅಂಕ 100 ದಾಟಿದರೆ ಸುಮಾರು 80 ಮಿಲಿಗಿಂತ ಜಾಸ್ತಿ ರಕ್ತ ಹೋಗಿದೆ, ಅಂದರೆ ವಿಪರೀತ ಸ್ರಾವ. ಲೆಕ್ಕ ಹಾಕಿ ನೋಡಿ: ಎರಡನೇ ದಿನ ಮೂರು ಪೂರ್ತಿ ತೊಯ್ದ ಪ್ಯಾಡ್, ಎರಡು ಅರ್ಧ ತೊಯ್ದದ್ದು ಎಂದರೆ ಅಂದೊಂದೇ ದಿನಕ್ಕೆ 70 ಆಯಿತು. ಈಗಿನ ಜೆಲ್ ಪ್ಯಾಡ್ ಹೆಚ್ಚು ಹೀರುವುದರಿಂದ ಲೆಕ್ಕ ಆಚೀಚೆ ಆಗಬಹುದು, ಪರವಾಗಿಲ್ಲ. ಮುಟ್ಟಿನ ಕಪ್ ಬಳಸುವವರಿಗೆ ಇನ್ನೂ ಸುಲಭ. ಎಷ್ಟೋ ಕಪ್‌ಗಳ ಮೇಲೆಯೇ ಮಿಲಿ ಗೆರೆ ಇರುತ್ತದೆ.

ಕೊನೆಗೆ ಪಕ್ಕದಲ್ಲೊಂದು ಅಕ್ಷರ. ಇದ್ದಕ್ಕಿದ್ದಂತೆ ಮೈ ಬಿಸಿಯೇರುವ ಧಗೆ ಬಂದರೆ "ಧ", ನಿದ್ದೆ ಕೆಟ್ಟರೆ "ನಿ", ತಲೆನೋವಾದರೆ "ತ". ಕತೆ ಬರೆಯಲು ಹೋಗಬೇಡಿ. ಉದ್ದ ಬರೆಯಲು ಹೊರಟವರು ಎರಡನೇ ವಾರಕ್ಕೇ ಕೈಬಿಡುತ್ತಾರೆ. ನನ್ನ ಮೊದಲ ಡೈರಿಯೂ ಹಾಗೇ ಒಂಬತ್ತನೇ ದಿನಕ್ಕೆ ನಿಂತಿತ್ತು.

ಇಲ್ಲಿ ಆಗುವ ದೊಡ್ಡ ತಪ್ಪು ಮುಟ್ಟು ಮುಂದೂಡುವ ಮಾತ್ರೆ. ಗೌರಿ ಹಬ್ಬ ಬಂತು, ತಿರುಪತಿ ಟಿಕೆಟ್ ಆಗಿದೆ, ಮಗಳ ಮದುವೆ ಎಂದು ಅಂಗಡಿಯಿಂದ ನಾವೇ ತಂದು ನುಂಗುತ್ತೇವೆ. ಅದು ಹಾರ್ಮೋನು. ಮಾತ್ರೆ ಬಿಟ್ಟ ಎರಡು-ಮೂರು ದಿನಕ್ಕೆ ಬರುವ ರಕ್ತ ಮಾತ್ರೆಯದ್ದು, ನಿಮ್ಮ ದೇಹದ್ದಲ್ಲ. ಇಡೀ ಲೆಕ್ಕ ಕಲಸಿಹೋಗುತ್ತದೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅಪಾಯವೂ ಹೌದು. ತೆಗೆದುಕೊಳ್ಳಲೇಬೇಕಾದರೆ ಡಾಕ್ಟರನ್ನು ಕೇಳಿ, ಕ್ಯಾಲೆಂಡರಿನಲ್ಲಿ "ಮಾತ್ರೆ" ಎಂದು ಬರೆಯಿರಿ.

ಹಂತ 2: ಕಾಯಬಾರದ ಸೂಚನೆಗಳು

ಮೂರು ತಿಂಗಳು ಬರೆಯಿರಿ ಎಂದೆ, ಆದರೆ ಕೆಲವು ಲಕ್ಷಣ ಕಂಡರೆ ಕ್ಯಾಲೆಂಡರ್ ಬಿಟ್ಟು ಹೊರಡಬೇಕು.

ಅವತ್ತೇ ಆಸ್ಪತ್ರೆಗೆ: ಗಂಟೆಗೊಂದು ಪ್ಯಾಡ್ ತೊಯ್ದು, ಅದು ಎರಡು ಗಂಟೆ ಮೀರಿ ಮುಂದುವರಿದರೆ. ತಲೆ ತಿರುಗಿ ಬೀಳುವಂತಾದರೆ, ಕೂತಲ್ಲೇ ಏದುಸಿರು ಬಂದರೆ. ಮುಟ್ಟು ತಪ್ಪಿದ್ದು, ಕಿಟ್‌ನಲ್ಲಿ ಎರಡು ಗೆರೆ ಬಂದು, ಹೊಟ್ಟೆನೋವು ಇದ್ದರೆ. ಎದೆ ಒತ್ತಿದಂತಾಗಿ ಬೆವರು ಬಂದರೆ 108ಕ್ಕೆ ಕರೆ ಮಾಡಿ. ಇದನ್ನು ಮುಟ್ಟು ನಿಲ್ಲುವ ಬೆವರು ಎಂದುಕೊಂಡು ಫ್ಯಾನಿನ ಕೆಳಗೆ ಮಲಗಿಬಿಡುವ ಹೆಂಗಸರಿದ್ದಾರೆ. ಅದು ಹೃದಯದ ತೊಂದರೆ ಇರಬಹುದು.

ಅದೇ ವಾರ ಡಾಕ್ಟರ ಹತ್ತಿರ: ಗಂಡ-ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ. ಎರಡು ಮುಟ್ಟಿನ ನಡುವೆ ರಕ್ತ ಹೋದರೆ. ಹತ್ತು ರೂಪಾಯಿ ನಾಣ್ಯದಷ್ಟು ಅಥವಾ ಅದಕ್ಕಿಂತ ದೊಡ್ಡ ಗಡ್ಡೆ ಮತ್ತೆ ಮತ್ತೆ ಬಿದ್ದರೆ. 21 ದಿನದೊಳಗೇ ಪದೇ ಪದೇ ಆದರೆ, ಏಳು ದಿನ ಮೀರಿ ಹೋಗುತ್ತಲೇ ಇದ್ದರೆ. 12 ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ.

ನಮ್ಮ ದೇಶದಲ್ಲಿ ಇನ್ನೊಂದನ್ನು ಮರೆಯಬಾರದು. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ಎರಡು ವಾರ ದಾಟಿದ ಕೆಮ್ಮು, ಇಳಿಯುತ್ತಿರುವ ತೂಕ ಇದ್ದರೆ ಮೊದಲು ಕ್ಷಯದ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಹಂತ 3: ರಕ್ತ ಪರೀಕ್ಷೆ

ಬಹಳ ಜನ ಮೊದಲು ಸ್ಕ್ಯಾನಿಂಗ್‌ಗೆ ಓಡುತ್ತಾರೆ. ಮೊದಲು ನೋಡಬೇಕಾದದ್ದು ಹಿಮೋಗ್ಲೋಬಿನ್. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಮೊದಲೇ ಖಾಲಿ ಇರುವ ಕೊಡ, ಅದಕ್ಕೆ ತೂತು ಬೇರೆ. ಸುಸ್ತು, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಎದೆ ಡವಡವ ಎನ್ನುವುದು ಇವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ನೆ ಇರುತ್ತೇವೆ. ಎಷ್ಟೋ ಸಲ ಅದು ಬರೀ ರಕ್ತ ಕಡಿಮೆ ಆಗಿರುವುದು.

12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ತೀವ್ರ. ಹಿಮೋಗ್ಲೋಬಿನ್ ಸರಿ ಇದ್ದೂ ಸುಸ್ತಿದ್ದರೆ ಫೆರಿಟಿನ್ ನೋಡಿಸಿ. ಅದು ದೇಹ ಕೂಡಿಟ್ಟ ಕಬ್ಬಿಣದ ಲೆಕ್ಕ. ಜೊತೆಗೆ ಥೈರಾಯ್ಡ್, ಸಕ್ಕರೆ. ಥೈರಾಯ್ಡ್ ಕೆಟ್ಟರೂ ಮುಟ್ಟು ಏರುಪೇರಾಗುತ್ತದೆ, ಬೆವರು ಬರುತ್ತದೆ, ನಿದ್ದೆ ಹೋಗುತ್ತದೆ. ಅದಕ್ಕೆ ಮುಟ್ಟು ನಿಲ್ಲುವ ಚಿಕಿತ್ಸೆ ಮಾಡಿದರೆ ಏನು ಪ್ರಯೋಜನ?

ಮುಟ್ಟು ತಪ್ಪಿದ್ದರೆ ಗರ್ಭ ಪರೀಕ್ಷೆಯನ್ನೂ ಮಾಡಿ. 46ರಲ್ಲಿ ಬಸಿರಾಗುವುದು ಅಪರೂಪ, ಅಸಾಧ್ಯ ಅಲ್ಲ. ಮುಟ್ಟು ನಿಲ್ಲುತ್ತಿದೆಯೇ ಎಂದು ನೋಡುವ ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಪರೀಕ್ಷೆಗೆ 45 ದಾಟಿದವರು ದುಡ್ಡು ಸುರಿಯಬೇಕಿಲ್ಲ. ಈ ಕಾಲದಲ್ಲಿ ಅದು ದಿನಕ್ಕೊಂದು ಥರ ಏರಿಳಿಯುತ್ತದೆ. ನಿಮ್ಮ ಕ್ಯಾಲೆಂಡರ್ ಅದಕ್ಕಿಂತ ಜಾಸ್ತಿ ಹೇಳುತ್ತದೆ.

ಕಬ್ಬಿಣದ ಮಾತ್ರೆ ಕೊಟ್ಟರೆ ನಿಂಬೆ ಶರಬತ್ತಿನ ಜೊತೆ ನುಂಗಿ. ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ. ತಿಂಡಿ ಮುಗಿಸಿ, ಕಾಫಿ ಕುಡಿದು, ಅದರ ಹಿಂದೆಯೇ ಮಾತ್ರೆ ನುಂಗುವ ನಮ್ಮ ಅಭ್ಯಾಸದಲ್ಲಿ ಕಬ್ಬಿಣ ಬಹುಪಾಲು ಹಾಗೇ ಹೊರಟುಹೋಗುತ್ತದೆ. ಮಲ ಕಪ್ಪಾಗುವುದು ಸಹಜ. ಮಲಬದ್ಧತೆ ಆದರೆ ಮಾತ್ರೆ ಬಿಡಬೇಡಿ, ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ಕೇಳಿ. ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಇಲ್ಲದಿದ್ದರೆ ಸಂಗ್ರಹ ತುಂಬುವುದಿಲ್ಲ. ಬೀಟ್‌ರೂಟ್ ಜ್ಯೂಸ್ ಕುಡಿಯಿರಿ, ಬೇಡ ಎನ್ನುವುದಿಲ್ಲ. ಆದರೆ 8 ಇರುವ ರಕ್ತವನ್ನು ಅದು 12ಕ್ಕೆ ಏರಿಸುವುದಿಲ್ಲ.

ಹಂತ 4: ಡಾಕ್ಟರ ಮುಂದೆ

ಕ್ಯಾಲೆಂಡರ್ ಹಾಳೆಗಳ ಫೋಟೊ, ರಕ್ತ ಪರೀಕ್ಷೆ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನು ಒಯ್ಯಿರಿ. ಅಶೋಕಾರಿಷ್ಟ ಕುಡಿಯುತ್ತಿದ್ದರೆ ಅದನ್ನೂ ಹೇಳಿ. ಮಾತು ಹೀಗೆ ಶುರು ಮಾಡಿ: "ವಯಸ್ಸು 47. ಕೊನೆಯ ಮೂರು ಮುಟ್ಟು 24, 52, 31 ದಿನದ ಅಂತರದಲ್ಲಿ ಆಗಿವೆ. ಕಳೆದ ಸಲ 11 ದಿನ ಹೋಯಿತು, ಅಂಕ 190, ಹಿಮೋಗ್ಲೋಬಿನ್ 9." ಇಷ್ಟು ಹೇಳಿದರೆ ಎದುರಿಗಿರುವವರು ತಲೆ ಎತ್ತಿ ನೋಡುತ್ತಾರೆ. ನಾನು ಮೊದಲ ಸಲ ಹೋದಾಗ "ಎಷ್ಟು ದಿನ ಹೋಯ್ತು?" ಎಂದರೆ "ತುಂಬಾ ದಿನ" ಎಂದಿದ್ದೆ. ಎರಡು ನಿಮಿಷದಲ್ಲಿ ವಿಟಮಿನ್ ಚೀಟಿ ಹಿಡಿದು ಹೊರಗೆ ಬಂದಿದ್ದೆ.

ಹೀಗೆ ಸುರಿಯುವುದು ಯಾಕೆ? ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ತಯಾರಾಗುವುದಿಲ್ಲ. ಅದಿಲ್ಲದೆ ಗರ್ಭಕೋಶದ ಒಳಪದರ ದಪ್ಪವಾಗುತ್ತಲೇ ಹೋಗಿ, ತಡವಾಗಿ, ಒಟ್ಟಿಗೇ ಕಳಚಿಕೊಳ್ಳುತ್ತದೆ. ಎರಡು ತಿಂಗಳು ಬಿಟ್ಟು ಬಂದ ಮುಟ್ಟು ಅಷ್ಟು ಜೋರಾಗಿರುವುದು ಅದಕ್ಕೇ.

ಸ್ಕ್ಯಾನಿಂಗ್ ಹೇಳಿದರೆ ಮುಟ್ಟು ನಿಂತ ಕೂಡಲೇ ಮಾಡಿಸುವುದು ಒಳ್ಳೆಯದು. ಪದರ ಆಗ ತೆಳ್ಳಗಿರುತ್ತದೆ, ಒಳಗೇನಿದ್ದರೂ ಚೆನ್ನಾಗಿ ಕಾಣುತ್ತದೆ. ವರದಿಯಲ್ಲಿ "ಗರ್ಭಕೋಶ ದಪ್ಪಗಿದೆ", "ಸಣ್ಣ ಫೈಬ್ರಾಯ್ಡ್ ಇದೆ" ಎಂದಿದ್ದರೆ ಅಳುತ್ತ ಮನೆಗೆ ಬರಬೇಡಿ. ಫೈಬ್ರಾಯ್ಡ್ ಎಂದರೆ ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು. ಈ ವಯಸ್ಸಿನಲ್ಲಿ ಅದು ಬಹಳ ಸಾಮಾನ್ಯ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಅದು ತಾನೇ ಕುಗ್ಗುತ್ತದೆ.

45 ದಾಟಿ ಸ್ರಾವ ಏರುಪೇರಾಗಿದ್ದರೆ ಒಳಪದರದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯನ್ನು ಹೇಳಬಹುದು. ಬೊಜ್ಜು, ಸಕ್ಕರೆ ಕಾಯಿಲೆ, ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ಸಮಸ್ಯೆ) ಇದ್ದವರು ಇದನ್ನು ಮುಂದೂಡಬಾರದು. ಒಳಪದರದ ಕ್ಯಾನ್ಸರಿನ ಅಪಾಯ ಅವರಿಗೆ ಜಾಸ್ತಿ. ತೆಳು ಕೊಳವೆಯಿಂದ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಮುಟ್ಟಿನ ನೋವಿನ ಹಾಗೆ ಹಿಂಡುತ್ತದೆ. ಹೆಸರು ಕೇಳಿ ಹೆದರಿ ಓಡಿಬರುವವರಿದ್ದಾರೆ, ಅವರಲ್ಲಿ ನೀವು ಒಬ್ಬರಾಗಬೇಡಿ.

ಹಂತ 5: ಸ್ರಾವಕ್ಕೆ ಚಿಕಿತ್ಸೆ, ಚಿಕ್ಕದರಿಂದ ದೊಡ್ಡದಕ್ಕೆ

ಮೊದಲ ಮೆಟ್ಟಿಲು ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಮಾತ್ರೆ. ಟ್ರಾನೆಕ್ಸಾಮಿಕ್ ಆ್ಯಸಿಡ್ ಸ್ರಾವವನ್ನು ಸುಮಾರು ಅರ್ಧದಷ್ಟು ಇಳಿಸಬಲ್ಲದು. ಮೆಫೆನಾಮಿಕ್ ಆ್ಯಸಿಡ್ ಅದಕ್ಕಿಂತ ಕಡಿಮೆ ಇಳಿಸುತ್ತದೆ, ಆದರೆ ನೋವನ್ನೂ ತಗ್ಗಿಸುತ್ತದೆ. ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಮೊದಲನೆಯದು ಬೇಡ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದರೆ ಎರಡನೆಯದು ಬೇಡ. ಪಕ್ಕದ ಮನೆಯವರ ಚೀಟಿ ತೋರಿಸಿ ತರಬೇಡಿ.

ಎರಡನೆಯದು ಪ್ರೊಜೆಸ್ಟರಾನ್ ಮಾತ್ರೆ. ಮೂರನೆಯದು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ. ನೋಡಲು ಕಾಪರ್-ಟಿ ತರಹ, ಕೆಲಸ ಪೂರಾ ಉಲ್ಟಾ. ಕಾಪರ್-ಟಿ ಸ್ರಾವ ಹೆಚ್ಚಿಸಬಹುದು, ಇದು ಬಹಳಷ್ಟು ಇಳಿಸುತ್ತದೆ. ಐದು ವರ್ಷ ನಡೆಯುತ್ತದೆ, ಗರ್ಭವನ್ನೂ ತಡೆಯುತ್ತದೆ. ಆದರೆ ಮೊದಲ ಮೂರರಿಂದ ಆರು ತಿಂಗಳು ಚೂರುಪಾರು ಕಲೆ ಆಗುತ್ತಲೇ ಇರುತ್ತದೆ. ಇದನ್ನು ಮೊದಲೇ ಯಾರೂ ಹೇಳದೆ, ಎರಡನೇ ತಿಂಗಳಿಗೆ "ಕೆಟ್ಟುಹೋಯ್ತು" ಎಂದು ತೆಗೆಸಿದವರು ಬಹಳ.

ಗರ್ಭಕೋಶ ತೆಗೆಸುವುದು ಕೊನೆಯ ಮೆಟ್ಟಿಲು. ಕ್ಯಾನ್ಸರ್ ಇದ್ದರೆ, ಅದರ ಮುನ್ಸೂಚನೆ ಇದ್ದರೆ, ಬೇರೆಲ್ಲ ಮಾಡಿಯೂ ನಿಲ್ಲದಿದ್ದರೆ ಅದು ಸರಿಯಾದ ದಾರಿಯೇ. ಆದರೆ ಮೊದಲ ಭೇಟಿಯಲ್ಲೇ "ಮಕ್ಕಳಾಗಿವೆಯಲ್ಲ, ಇನ್ಯಾಕೆ ಇಟ್ಕೊಂಡಿದ್ದೀರಿ, ತೆಗೆಸಿಬಿಡಿ" ಎಂದರೆ ಮೂರು ಪ್ರಶ್ನೆ ಕೇಳಿ. ಬಯಾಪ್ಸಿಯಲ್ಲಿ ಏನು ಬಂತು? ಮಾತ್ರೆ, ಹಾರ್ಮೋನ್ ಸಾಧನ ನನಗೆ ಯಾಕೆ ಆಗುವುದಿಲ್ಲ? ಅಂಡಾಶಯವನ್ನು ಉಳಿಸುತ್ತೀರಾ? ಮೂರನೆಯದು ಬಹಳ ಮುಖ್ಯ. ಸಹಜವಾಗಿ ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯ ತೆಗೆದರೆ ಧಗೆ ಒಂದೇ ಏಟಿಗೆ ಬಡಿಯುತ್ತದೆ. ಮೂಳೆಗೂ ಹೃದಯಕ್ಕೂ ಪೆಟ್ಟು.

ಉತ್ತರ ಸಮಾಧಾನ ಕೊಡದಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬದಂತಹ ಸರ್ಕಾರಿ ಆಸ್ಪತ್ರೆಗಳಿವೆ, ಜಿಲ್ಲಾಸ್ಪತ್ರೆಗಳೂ ಇವೆ. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ಎಷ್ಟು ಹಬ್ಬಿತ್ತೆಂದರೆ, ಅದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಹಂತ 6: ಸುರಿಯುವ ದಿನಗಳನ್ನು ದಾಟುವುದು

ಚಿಕಿತ್ಸೆ ಹಿಡಿಯುವವರೆಗೂ ಬದುಕು ನಡೆಯಬೇಕಲ್ಲ. ರಾತ್ರಿ ಬಾಣಂತಿ ಪ್ಯಾಡ್ ಹಾಕಿ, ಬೆಡ್‌ಶೀಟಿನ ಕೆಳಗೆ ರಬ್ಬರ್ ಶೀಟ್ ಹಾಸಿ. ಎರಡು ಪ್ಯಾಡ್ ಅಂಟಿಸುವುದಾದರೆ ಒಂದರ ಮೇಲೊಂದು ಬೇಡ, ಹಿಂದೆ-ಮುಂದೆ ಅಂಟಿಸಿ. ಬ್ಯಾಗಿನಲ್ಲಿ ಒಂದು ಕಪ್ಪು ಒಳಲಂಗ ಅಥವಾ ಲೆಗಿಂಗ್ಸ್, ಎರಡು ಪ್ಯಾಡ್, ಒಂದು ಕವರ್ ಸದಾ ಇರಲಿ. ದಿನಾಂಕವನ್ನು ನಂಬಿ ಹೊರಡುವ ಕಾಲ ಮುಗಿಯಿತು. ದೂರದ ಬಸ್ಸಾದರೆ ಊಟಕ್ಕೆ ನಿಲ್ಲಿಸುವ ಜಾಗದ ಶೌಚಾಲಯ ಹೇಗಿದೆ ಎಂದು ಮೊದಲೇ ಕೇಳಿಕೊಳ್ಳಿ.

ಕೆಲಸಕ್ಕೆ ಹೋಗುವವರು ಕಚೇರಿಯ ರಜೆ ನಿಯಮ ನೋಡಿ. ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಕರ್ನಾಟಕ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ತಿಂಗಳಿಗೆ ಎರಡು ಸಲ ಆಗುವ ನಮ್ಮಂಥವರ ನೆನಪು ಮಾತ್ರ ಅದನ್ನು ಬರೆದವರಿಗೆ ಬಂದಂತಿಲ್ಲ.

ಹಂತ 7: ಧಗೆ, ಬೆವರು, ನಿದ್ದೆ

ಎದೆಯಿಂದ ಮುಖಕ್ಕೆ ಬೆಂಕಿ ಏರಿದಂತಾಗಿ, ಬೆವರಿ, ಆಮೇಲೆ ಚಳಿ. ಒಂದರಿಂದ ಐದು ನಿಮಿಷದ ಆಟ. ಕ್ಯಾಲೆಂಡರಿನ "ಧ" ಎಲ್ಲಿ ಜಾಸ್ತಿ ಇದೆ ನೋಡಿ. ಬಿಸಿ ಕಾಫಿಯ ನಂತರವೇ, ಖಾರದ ಊಟದ ನಂತರವೇ, ಒಲೆ ಮುಂದೆ ನಿಂತಾಗಲೇ? ಎರಡು ವಾರ ಒಂದೊಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಕಾರಣ ಎಂದು ತಿಳಿಯುವುದೇ ಇಲ್ಲ, ಕಾಫಿ ಸುಮ್ನೆ ಹೋಗುತ್ತದೆ.

ರಾತ್ರಿಗೆ ಸಿಂಥೆಟಿಕ್ ನೈಟಿ ಬೇಡ, ಹಳೆಯ ಕಾಟನ್ ಒಳ್ಳೆಯದು. ದಪ್ಪ ರಗ್ಗಿನ ಬದಲು ಎರಡು ತೆಳು ಹೊದಿಕೆ. ಧಗೆ ಶುರುವಾದ ಕೂಡಲೇ ನಿಧಾನಕ್ಕೆ ಹೊಟ್ಟೆಯಿಂದ ಉಸಿರಾಡಿ. ತೂಕ ಇಳಿದರೆ ಧಗೆಯೂ ಇಳಿಯುವುದುಂಟು. ವಾರಕ್ಕೆ ಎರಡು ರಾತ್ರಿ ಎದ್ದು ಬಟ್ಟೆ ಬದಲಿಸುವಂತಾದರೆ ಸಹಿಸುತ್ತ ಕೂರಬೇಡಿ, ಔಷಧಿ ಇದೆ.

ಅದರಲ್ಲಿ ಹೆಚ್ಚು ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆ. 60 ವರ್ಷದೊಳಗೆ, ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ ಬಹುತೇಕ ಆರೋಗ್ಯವಂತ ಹೆಂಗಸರಿಗೆ ಅಪಾಯಕ್ಕಿಂತ ಲಾಭ ಹೆಚ್ಚು. ಗರ್ಭಕೋಶ ಇರುವವರಿಗೆ ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ಕೊಡಲೇಬೇಕು. ಇಲ್ಲದಿದ್ದರೆ ಒಳಪದರ ಬೆಳೆಯುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕಾಯಿಲೆ ಇರುವವರು, ಕಾರಣ ಗೊತ್ತಾಗದ ಸ್ರಾವ ಇರುವವರು ತೆಗೆದುಕೊಳ್ಳಬಾರದು. ನಾಲ್ಕನೇ ಹಂತ ಮುಗಿಸದೆ ಇದಕ್ಕೆ ಬರಬೇಡಿ ಎನ್ನುವುದು ಅದಕ್ಕೇ. ಹಾರ್ಮೋನ್ ಆಗದವರಿಗೆ ವೆನ್‌ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್ ತರಹದ ಬೇರೆ ಮಾತ್ರೆಗಳಿವೆ. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ನುಂಗುತ್ತಿದ್ದರೆ ಅದನ್ನು ಮೊದಲೇ ಹೇಳಿ. ಕೆಲವು ಮಾತ್ರೆ ಅದರ ಕೆಲಸ ಕೆಡಿಸುತ್ತವೆ.

ಸಿಟ್ಟು, ಅಳು, ಮರೆವು ಬಹುಪಾಲು ನಿದ್ದೆಗೆಟ್ಟ ರಾತ್ರಿಗಳ ಬಾಲ. ಆದರೆ ಎರಡು ವಾರ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಎನಿಸುತ್ತಿದೆ ಎಂದಾದರೆ ಹಾರ್ಮೋನಿನ ಮೇಲೆ ಹಾಕಿ ಬಿಡಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಂತ 8: ಯಾರಿಗೂ ಹೇಳದ ಉರಿ

ಒಣಗುವುದು, ಉರಿ, ಸೇರುವಾಗ ನೋವು, ಪದೇ ಪದೇ ಉರಿಮೂತ್ರ. ಧಗೆ ವರ್ಷಗಳಲ್ಲಿ ತಣಿಯುತ್ತದೆ, ಇದು ತಾನಾಗಿ ಹೋಗುವುದಿಲ್ಲ. ಸೋಪು, ಸುವಾಸನೆಯ ವಾಶ್ ಒಳಗೆ ಹಾಕಬೇಡಿ, ಬರೀ ನೀರು ಸಾಕು. ನೀರಿನ ಆಧಾರದ ಜೆಲ್ ಬಳಸಿ. ಕಾಂಡೋಮ್ ಇದ್ದರೆ ಕೊಬ್ಬರಿ ಎಣ್ಣೆ ಬೇಡ, ಹರಿಯುತ್ತದೆ. ಸಾಲದಿದ್ದರೆ ಒಳಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಮ್ ಇದೆ. ಮೈಗೆ ಸೇರುವುದು ತೀರಾ ಕಡಿಮೆ. ಡಾಕ್ಟರನ್ನು ಕೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ.

ಹಂತ 9: ಹನ್ನೆರಡು ತಿಂಗಳ ಎಣಿಕೆ

ಕೊನೆಯ ಮುಟ್ಟಿನ ದಿನದಿಂದ ಎಣಿಸುತ್ತ ಬನ್ನಿ. ಹನ್ನೊಂದನೇ ತಿಂಗಳಲ್ಲಿ ಮುಟ್ಟಾದರೆ ಮತ್ತೆ ಸೊನ್ನೆಯಿಂದ. ಬೇಜಾರು, ಆದರೆ ಲೆಕ್ಕ ಹಾಗೇ. ಗರ್ಭ ತಡೆಯುವ ಕ್ರಮವನ್ನೂ ಆಗಲೇ ಬಿಡಬೇಡಿ. ಕೊನೆಯ ಮುಟ್ಟು 50ಕ್ಕೆ ಮೊದಲೇ ಆಗಿದ್ದರೆ ಅಂದಿನಿಂದ ಎರಡು ವರ್ಷ, 50ರ ನಂತರವಾದರೆ ಅಂದಿನಿಂದ ಒಂದು ವರ್ಷ ಮುಂದುವರಿಸಬೇಕು.

ಮೂಳೆ ಕರಗುವುದು ಈ ವರ್ಷಗಳಲ್ಲೇ ಜೋರು. ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ 350ರ ಆಸುಪಾಸು ಇರುತ್ತದೆ. ಎರಡು ಮುದ್ದೆಯ ಜೊತೆ ಮೊಸರು, ಎಳ್ಳಿನ ಚಟ್ನಿ, ಸೊಪ್ಪು ಇದ್ದರೆ ಬಹಳ ದೂರ ಬಂದ ಹಾಗೆ. ವಿಟಮಿನ್ ಡಿ ಇಲ್ಲದೆ ಅದು ಮೈಗೆ ಹತ್ತುವುದಿಲ್ಲ, ಪರೀಕ್ಷೆ ಮಾಡಿಸಿ. ಬರೀ ನಡಿಗೆ ಸಾಲದು, ಭಾರ ಎತ್ತುವ ವ್ಯಾಯಾಮವೂ ಬೇಕು. ಎರಡು ನೀರಿನ ಬಾಟಲಿಯಿಂದ ಶುರು ಮಾಡಬಹುದು.

ಕ್ಯಾಲೆಂಡರ್ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಐದು ವರ್ಷದ ನಂತರ ಒಂದು ದಿನ ಬಟ್ಟೆಯಲ್ಲಿ ಕಲೆ ಕಂಡು ಡಾಕ್ಟರ ಹತ್ತಿರ ಹೋದರೆ ಮೊದಲ ಪ್ರಶ್ನೆಯೇ "ಕೊನೆಯ ಮುಟ್ಟು ಯಾವಾಗ?" ಎಂಬುದು. ಆಗ ಸ್ಕ್ಯಾನಿನಲ್ಲಿ ಒಳಪದರ 4 ಮಿಲಿಮೀಟರ್ ದಾಟಿದ್ದರೆ ಬಯಾಪ್ಸಿ ಹೇಳುತ್ತಾರೆ, ಮಾಡಿಸಿಕೊಳ್ಳಿ. "ಮತ್ತೆ ಹರೆಯ ಬಂತು" ಎಂದು ಮನೆಯಲ್ಲಿ ತಮಾಷೆ ಮಾಡಿದರೂ ಅವತ್ತೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.